ದೂರದಿಂದಲೇ ಕಂಡ ತಂದೆ

ಲೂಕನು ಬರೆದ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಬರುವ ತಪ್ಪಿಹೋದ ಮಗನ ಕಥೆ ಕ್ರೈಸ್ತರಲ್ಲದ ಓದುಗರಿಗೂ ಅಪರಿಚಿತವಲ್ಲ. ಕಿರಿಯ ಮಗ ತನ್ನ ಪಾಲನ್ನು ಕೇಳಿ ಪಡೆದು ದೂರದೇಶಕ್ಕೆ ಹೋಗುತ್ತಾನೆ. ಎಲ್ಲವನ್ನೂ ಕಳೆದುಕೊಂಡು, ಬರಗಾಲದಲ್ಲಿ ಹಂದಿ ಮೇಯಿಸುವ ಸ್ಥಿತಿಗೆ ಬಂದು, ಕೊನೆಗೆ ಮನೆಗೆ ಮರಳುತ್ತಾನೆ. ತಂದೆ ಅವನನ್ನು ಅಪ್ಪಿಕೊಂಡು ಔತಣ ಮಾಡಿಸುತ್ತಾನೆ. ಕೇಳುವುದಕ್ಕೆ ಸುಲಭವಾದ ಕಥೆ. ಅದೇ ನಮ್ಮ ಮನೆಯೊಳಗೆ ನಡೆದಾಗ ಅದರ ಭಾರ ತಿಳಿಯುತ್ತದೆ.

ನಮ್ಮ ಹಿರಿಯರು ಬೆಟಗೇರಿಯ ನೇಕಾರರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಮುಂದೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಿಗೂ ಬಂದರು; ಅವರ ಸಭೆಗೆ ಸೇರಿದ ಮನೆತನ ನಮ್ಮದು. ತಂದೆಯವರು ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದು ಬಟ್ಟೆ ಗಿರಣಿಯೊಂದನ್ನು ಸೇರಿದರು. 1982ರ ಜನವರಿ 18ರಂದು ಗಿರಣಿ ಮುಷ್ಕರ ಆರಂಭವಾಯಿತು. ಸುಮಾರು 2.5 ಲಕ್ಷ ಕಾರ್ಮಿಕರು ಹೊರಗೆ ಬಂದ ಆ ಮುಷ್ಕರವನ್ನು ವಿಧಿವತ್ತಾಗಿ ಯಾರೂ ಹಿಂತೆಗೆದುಕೊಳ್ಳಲೇ ಇಲ್ಲ. ಅದು ತಾನಾಗಿ ಕರಗಿಹೋಯಿತು. ಅದರ ಜತೆಗೆ ಸಾವಿರಾರು ಸಂಸಾರಗಳ ಅನ್ನವೂ ಹೋಯಿತು.

ತಂದೆಯವರು ಮೊದಲು ದೇವಾಲಯಕ್ಕೆ ಬರುವುದನ್ನು ಬಿಟ್ಟರು. ದೇವರಿದ್ದರೆ ಹೀಗಾಗುತ್ತಿತ್ತೇ ಎಂಬುದು ಅವರ ಪ್ರಶ್ನೆ. ಆಮೇಲೆ ಕುಡಿತ, 1985ರಲ್ಲಿ ಮನೆಯನ್ನೇ ಬಿಟ್ಟರು. ತಾಯಿ ಹೊಲಿಗೆ ಯಂತ್ರದ ಮುಂದೆ ಕುಳಿತು ನಮ್ಮಿಬ್ಬರನ್ನು ಓದಿಸಿದರು. ಭಾನುವಾರದ ಕನ್ನಡ ಆರಾಧನೆಯನ್ನು ಅವರು ಒಮ್ಮೆಯೂ ತಪ್ಪಿಸಲಿಲ್ಲ.

ನಾನು ಬಿ.ಎಸ್‌ಸಿ. ಕೊನೆಯ ವರ್ಷದಲ್ಲಿದ್ದಾಗ, 1996ರಲ್ಲಿ, ತಂದೆಯವರು ಮರಳಿ ಬಂದರು. ಭಿವಂಡಿಯ ವಿದ್ಯುತ್ ಮಗ್ಗಗಳಲ್ಲಿ ದುಡಿಯುತ್ತಿದ್ದವರು ಕಾಮಾಲೆಯಿಂದ ಹಾಸಿಗೆ ಹಿಡಿದಿದ್ದರಂತೆ. ಅವರಿಗೆ ಯಾವ ದರ್ಶನವೂ ಆಗಲಿಲ್ಲ. ಜ್ವರದ ಒಂದು ರಾತ್ರಿ, ಬಾಲ್ಯದಲ್ಲಿ ಬೆಟಗೇರಿಯಲ್ಲಿ ಕಲಿತ ಪ್ರಾರ್ಥನೆ ತಾನಾಗಿ ಬಾಯಿಗೆ ಬಂದಿತೆಂದು ಹೇಳಿದರು. ವರ್ಷಗಟ್ಟಲೆ ಹಿಂದಿ, ಮರಾಠಿ ಮಾತಾಡಿದ ನಾಲಿಗೆಗೆ ಆ ಹೊತ್ತಿನಲ್ಲಿ ಒದಗಿದ್ದು ಕನ್ನಡವೇ. “ನಾ ದೇವರನ್ನ ಹುಡುಕಲಿಲ್ಲೋ ತಮ್ಮಾ, ಅವನ ನನ್ನ ಬಿಟ್ಟಿದ್ದಿಲ್ಲ” ಎಂಬುದು ಅವರ ಮಾತು.

ಸಭೆಯಲ್ಲಿ ಚರ್ಚೆ ನಡೆಯಿತು. ಇಷ್ಟು ವರ್ಷ ಹೆಂಡತಿ ಮಕ್ಕಳನ್ನು ಕೈಬಿಟ್ಟವನಿಗೆ ಕರ್ತನ ಭೋಜನದಲ್ಲಿ ಪಾಲು ಕೊಡಬಹುದೇ ಎಂದು ಕೆಲವರು ಕೇಳಿದರು. ಸಭಾಪಾಲಕರು ಬಂದು ತಾಯಿಯ ಅಭಿಪ್ರಾಯ ಕೇಳಿದರು. ತಾಯಿ ಹೇಳಿದ್ದಿಷ್ಟೇ: “ದೇವರು ಒಳಗ ಕರಕೊಂಡಾನ, ಬಾಗಿಲಾ ಹಾಕಾಕ ನಾ ಯಾರು? ಆದ್ರ ನನ್ನ ನೋವು ಒಂದ ದಿನದಾಗ ಹೋಗಂಗಿಲ್ರಿ.”

ನಾನೀಗ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತ. ಅನುಮತಿಯಿಲ್ಲದೆ ಗೈರುಹಾಜರಾದ ನೌಕರ ಮರಳಿ ಬಂದರೆ ಅರ್ಜಿ, ವಿವರಣೆ, ವೈದ್ಯಕೀಯ ಪ್ರಮಾಣಪತ್ರ ಎಲ್ಲವೂ ಬೇಕು. ಸೇವೆ ಮುರಿದಿದೆಯೋ ಇಲ್ಲವೋ ಎಂಬುದು ಆಮೇಲೆ ತೀರ್ಮಾನವಾಗುತ್ತದೆ. ಅಂಥ ಕಡತಗಳ ನಡುವೆ ಕುಳಿತವನಿಗೆ ಲೂಕನ ಕಥೆಯಲ್ಲಿ ಒಂದು ಸಂಗತಿ ಬೇಗ ಕಣ್ಣಿಗೆ ಬೀಳುತ್ತದೆ. ಆ ಮಗನೂ ದಾರಿಯಲ್ಲಿ ಒಂದು ಅರ್ಜಿಯನ್ನು ಸಿದ್ಧಮಾಡಿಕೊಂಡಿದ್ದ. ಅದರಲ್ಲಿ ಮೂರು ಅಂಶ: ಪಾಪ ಮಾಡಿದ್ದೇನೆ, ಮಗನೆನ್ನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯಾಳುಗಳಲ್ಲಿ ಒಬ್ಬನಾಗಿ ಇಟ್ಟುಕೋ. ತಂದೆಯ ಮುಂದೆ ಅವನು ಹೇಳುವುದು ಮೊದಲ ಎರಡನ್ನು ಮಾತ್ರ. ಮೂರನೆಯದು ಬಾಯಿಗೆ ಬರುವ ಮೊದಲೇ ತಂದೆ ಅಂಗಿ, ಉಂಗುರ, ಜೋಡು ತರಲು ಆಳುಗಳಿಗೆ ಹೇಳಿಬಿಟ್ಟಿದ್ದಾನೆ. ಅದಕ್ಕೂ ಮುಂಚೆ, ಮಗ ಇನ್ನೂ ದೂರದಲ್ಲಿರುವಾಗಲೇ ಕಂಡು, ಓಡಿಹೋಗಿ ಅಪ್ಪಿಕೊಂಡಿದ್ದಾನೆ. ಅರ್ಜಿ ಓದುವ ಮೊದಲೇ ಮಂಜೂರಾಗಿತ್ತು. ಕನ್ನಡ ಬೈಬಲ್ಲಿನ “ಕೃಪೆ” ಎಂಬ ಪದಕ್ಕೆ ನನಗೆ ತಿಳಿದ ಅರ್ಥ ಇದೇ.

ಆದರೆ ಕೃಪೆ ಎಂದರೆ ಹಿಂದಿನ ಲೆಕ್ಕವನ್ನು ಅಳಿಸಿಹಾಕುವುದಲ್ಲ. ಹೊಲದಿಂದ ಬಂದ ಹಿರಿಯ ಮಗ ಕೋಪದಿಂದ ಹೊರಗೇ ನಿಂತಾಗ ತಂದೆ ಅವನನ್ನು ಗದರಿಸುವುದಿಲ್ಲ. ಹೊರಗೆ ಬಂದು ಬೇಡಿಕೊಳ್ಳುತ್ತಾನೆ, ತನ್ನದೆಲ್ಲವೂ ಅವನದೇ ಎನ್ನುತ್ತಾನೆ. ಮನೆಯಲ್ಲಿ ಉಳಿದು ದುಡಿದವರ ನೋವಿಗೂ ಈ ಕಥೆಯಲ್ಲಿ ಸ್ಥಳವಿದೆ. ಹಿರಿಯ ಮಗ ಒಳಗೆ ಬಂದನೇ ಎಂಬುದನ್ನು ಮಾತ್ರ ಲೂಕನು ಹೇಳುವುದಿಲ್ಲ.

ನಮ್ಮ ತಾಯಿ ಎರಡು ವರ್ಷ ತೆಗೆದುಕೊಂಡರು. ತಂದೆಯವರು ಮೂಲೆಯ ಕೋಣೆಯಲ್ಲಿದ್ದು, ಕಾವಲುಗಾರನ ಕೆಲಸ ಮಾಡಿ, ಸಂಬಳವನ್ನು ತಂದು ಹೊಲಿಗೆ ಯಂತ್ರದ ಮೇಲಿಡುತ್ತಿದ್ದರು. 1998ರ ಕ್ರಿಸ್‌ಮಸ್ ಆರಾಧನೆಯಲ್ಲಿ, ಕನ್ನಡಕ ಮರೆತು ಬಂದಿದ್ದ ತಂದೆಯವರ ಕಡೆಗೆ ತಾಯಿ ತಮ್ಮ ಸಂಗೀತ ಪುಸ್ತಕವನ್ನು ಸರಿಸಿ, ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ಅಂದಿನಿಂದ ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತರು. 2009ರಲ್ಲಿ ತಂದೆಯವರು ತೀರಿಕೊಳ್ಳುವವರೆಗೂ ಅದು ತಪ್ಪಲಿಲ್ಲ.

ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ, ಜಾತಿ ಮತ ಯಾವುದೇ ಇರಲಿ, ಹೆಸರೆತ್ತದ ಒಬ್ಬರು ಇದ್ದೇ ಇರುತ್ತಾರೆ. ಅವರು ಎಂದಾದರೂ ಬಾಗಿಲಿಗೆ ಬಂದು ನಿಂತರೆ, ಅರ್ಜಿಯನ್ನು ಕೊನೆಯ ಸಾಲಿನವರೆಗೂ ಓದಿಸಲೇಬೇಕೇ ಎಂಬುದನ್ನು ಆಯಾ ಮನೆಯವರೇ ತೀರ್ಮಾನಿಸಬೇಕಾಗಿದೆ.