ತಮ್ಮನ ನಾಲಗೆ

ನನ್ನ ತಮ್ಮನಿಗೆ ಏಳು ವರ್ಷವಾದರೂ ನಾಲಗೆಯನ್ನು ತುಟಿಯಿಂದಾಚೆ ಚಾಚಲು ಬರುತ್ತಿರಲಿಲ್ಲ. ನಾಲಗೆಯ ಅಡಿಯನ್ನು ಬಾಯಿಯ ತಳಕ್ಕೆ ಸೇರಿಸುವ ಪೊರೆ ಗಿಡ್ಡವಾಗಿದ್ದುದೇ ಕಾರಣ. ‘ರಾಮ’ ಅವನ ಬಾಯಲ್ಲಿ ‘ಯಾಮ’ನಾಗುತ್ತಿದ್ದ. ಸಪ್ತಭಾಷೆಗಳ ಕಾಸರಗೋಡಿನಲ್ಲಿ ಅವನು ಎಲ್ಲ ಭಾಷೆಗಳಲ್ಲೂ ಮೌನಿ! ಪಾರ್ತಿಸುಬ್ಬನ ಕುಂಬಳೆ ಸೀಮೆಯವರಾದ ನಮಗೆ ತಾಳಮದ್ದಳೆಯೆಂದರೆ ಪ್ರಾಣ. ಅವನು ಮಾತ್ರ ಚೆಂಡೆಯವರ ಬೆನ್ನ ಹಿಂದೆ ಅಡಗುತ್ತಿದ್ದ.

ಇಂಥ ನಾಲಗೆಗಳನ್ನೆಲ್ಲ ಕತ್ತರಿಸಬೇಕಾಗಿಲ್ಲ, ಎಳೆಗೂಸು ಹಾಲು ಚೀಪಲಾರದಿದ್ದರೆ, ನಾಲಗೆಯ ತುದಿ ಮೇಲೇಳದೆ ಉಚ್ಚಾರ ಕೆಟ್ಟರೆ ಮಾತ್ರ ಎಂದರು ಮಂಗಳೂರಿನ ವೈದ್ಯರು. ಮರಗಟ್ಟಿಸುವ ಮದ್ದು ಚುಚ್ಚಿ ಪೊರೆ ಬಿಡಿಸಿದರು. ಕೆಲವೇ ನಿಮಿಷಗಳ ಕೆಲಸ. ಆದರೆ ಹಳೆಯ ಚಾಳಿಗೆ ಕತ್ತರಿ ತಾಗುವುದುಂಟೇ? ತಿಂಗಳುಗಟ್ಟಲೆ ನಾಲಗೆ ಎತ್ತುವ ಅಭ್ಯಾಸ ನಡೆಯಿತು.

ಮೊನ್ನೆ ಜಗಳದಲ್ಲಿ ನನಗೆ “ರಾಕ್ಷಸಿ!” ಎಂದ. ಅಮ್ಮ ಒಳಗಿಂದ ಓಡಿಬಂದು, “ಇನ್ನೊಮ್ಮೆ ಹೇಳು ಮಗಾ” ಎಂದಳು.