ಹುಣಸೆ ಬೀಜದ ಅಂಟು

ಮುಖವಾಡ ಮಾಡುವಾಗ ಕಾಗದವನ್ನು ಕತ್ತರಿಯಿಂದ ಕತ್ತರಿಸಬಾರದು, ಕೈಯಿಂದ ಹರಿಯಬೇಕು. ಕತ್ತರಿಸಿದ ಅಂಚು ಒಣಗಿದ ಮೇಲೆ ಗೆರೆಯಾಗಿ ಎದ್ದು ನಿಲ್ಲುತ್ತದೆ. ಹರಿದ ಅಂಚಿನಲ್ಲಿ ನಾರು ಬಿಚ್ಚಿಕೊಂಡಿರುವುದರಿಂದ ಅದು ಪಕ್ಕದ ಚೂರಿನೊಳಗೆ ಸೇರಿಹೋಗುತ್ತದೆ. ದಿನಪತ್ರಿಕೆಯ ಹಾಳೆಗೆ ತನ್ನದೇ ಒಂದು ದಿಕ್ಕಿದೆ. ಆ ದಿಕ್ಕಿಗೆ ಎಳೆದರೆ ಪಟ್ಟಿ ನೆಟ್ಟಗೆ ಬರುತ್ತದೆ, ಅಡ್ಡಡ್ಡ ಎಳೆದರೆ ಸೊಟ್ಟಗೆ ಓಡುತ್ತದೆ. ಇದನ್ನು ನಾನು ಮಕ್ಕಳಿಗೆ ಹೇಳುವುದಿಲ್ಲ. ತಲೆಗೊಂದು ಹಳೆಯ ಹಾಳೆ ಕೊಟ್ಟು ಸುಮ್ಮನೆ ಕೂರುತ್ತೇನೆ. ಸ್ವಲ್ಪ ಹೊತ್ತಿಗೆ ಯಾವುದೋ ಮೂಲೆಯಿಂದ, "ಸಾ, ಹಿಂಗ್ ಹರುದ್ರೆ ನೆಟ್ಗೆ ಬತ್ತದೆ!" ಎಂದು ಒಂದು ಕೂಗು ಏಳುತ್ತದೆ. ಮಿಕ್ಕವರೆಲ್ಲ ಅತ್ತ ತಿರುಗುತ್ತಾರೆ. ಅಲ್ಲಿಗೆ ಶಿಬಿರ ಶುರುವಾಯಿತು ಎಂದೇ ನನ್ನ ಲೆಕ್ಕ. ಉದ್ಘಾಟನೆ ಬೆಳಿಗ್ಗೆಯೇ ಆಗಿರುತ್ತದೆ, ಆ ಮಾತು ಬೇರೆ.

ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರ ಹೋಬಳಿಯಲ್ಲಿ ನಾವು ಒಂದಷ್ಟು ಜನ ಬೇಸಿಗೆ ಶಿಬಿರಗಳಲ್ಲಿ ಕೆಲಸ ಮಾಡಿದವರು. ಏಪ್ರಿಲ್ 10ರಂದು ಶಾಲೆಗಳಲ್ಲಿ ಪಾಸು ಫೇಲು ಓದಿ ಮುಗಿಸುತ್ತಿದ್ದರು. ಮರುದಿನದಿಂದ ಮಕ್ಕಳು ಹುಣಸೆ ಮರ, ಬಾವಿಕಟ್ಟೆ, ಕೆರೆ ಏರಿಗಳ ಪಾಲು. ಆ ಮಕ್ಕಳನ್ನು ಕರೆತಂದು ಶಾಲೆಯ ಜಗಲಿಯಲ್ಲಿ ಹಾಡಿಸಿ, ಕುಣಿಸಿ, ಕಥೆ ಹೇಳಿ, ಕೊನೆಯ ದಿನ ಊರಿನವರ ಮುಂದೆ ಒಂದು ನಾಟಕ ಆಡಿಸುವುದು ನಮ್ಮ ಕೆಲಸ. ಪ್ರಮಾಣಪತ್ರದಲ್ಲಿ ನಮ್ಮನ್ನು ಸಂಪನ್ಮೂಲ ವ್ಯಕ್ತಿಗಳು ಎಂದು ಅಚ್ಚು ಹಾಕಿಸುತ್ತಿದ್ದರು. ಮಕ್ಕಳು ಕರೆಯುತ್ತಿದ್ದುದು ಬೇರೆ: ಹಾಡಿನ ಮೇಷ್ಟ್ರು, ಕಥೆ ಅಕ್ಕ, ಆಟದಣ್ಣ. ನಾನು ಅಂಟಿನ ಮೇಷ್ಟ್ರು. ಇಂದಿಗೂ ನಮ್ಮ ಫೋನುಗಳಲ್ಲಿ ಒಬ್ಬರದೊಬ್ಬರ ನಂಬರು ಇರುವುದು ಈ ಹೆಸರುಗಳಲ್ಲೇ. ಕಥೆ ಅಕ್ಕ ಈಗ ನಿವೃತ್ತ ಶಿಕ್ಷಕಿ, ಆಟದಣ್ಣ ಬೆಂಗಳೂರಿನ ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕ. ನಮ್ಮ ನಡುವೆ ಆ ಗುರುತುಗಳು ಚಾಲ್ತಿಯಲ್ಲಿಲ್ಲ.

ಅಂಟಿನ ವಿಷಯಕ್ಕೆ ಬರುತ್ತೇನೆ. ಮೈದಾ ಹಿಟ್ಟು ಕಲಸಿ ಬೇಯಿಸಿದರೆ ಅಂಟು ಆಗುತ್ತದೆ. ಅದು ಬೇಗ ಹುಳಿಯುತ್ತದೆ, ಜಿರಲೆಗಳಿಗೂ ಪ್ರೀತಿ. ಮೈಲುತುತ್ತ ಹಾಕಿದರೆ ಕೆಡುವುದಿಲ್ಲ. ಆದರೆ ಊಟಕ್ಕೆ ಮುಂಚೆ ಕೈ ತೊಳೆದುಕೊಳ್ಳಲೂ ಅವಸರಪಡುವ ಮಕ್ಕಳ ನಡುವೆ ಆ ವಿಷ ಬೇಡವೇ ಬೇಡ. ದಾರಿ ತೋರಿಸಿದವರು ನಮ್ಮ ಅಡುಗೆಯಮ್ಮ. ನಮ್ಮ ಸೀಮೆಯಲ್ಲಿ ಬೇಸಿಗೆ ಎಂದರೆ ಹುಣಸೆಹಣ್ಣು ಬಿಡಿಸುವ ಕಾಲ. ಮನೆಮನೆಯ ಪಡಸಾಲೆಯಲ್ಲೂ ಹೆಂಗಸರು ಕೂತು ಹಣ್ಣು ಕುಟ್ಟಿ ಬೀಜ ಬಿಡಿಸುತ್ತಾರೆ. ಹಣ್ಣು ತುಮಕೂರಿನ ಮಂಡಿಗೆ ಹೋಗುತ್ತದೆ, ಬೀಜದ ರಾಶಿ ಮನೆಯ ಮೂಲೆಯಲ್ಲಿ ಉಳಿಯುತ್ತದೆ. "ಕಂಬಳಿ ನೇಯೋರು ನೂಲಿಗೆ ಏನ್ ಬಳಿತಾರೆ ಅಂತ ನೋಡಿಲ್ವ ಮೇಷ್ಟ್ರೆ?" ಎಂದು ಕೇಳಿದ ಆ ತಾಯಿ, ಒಂದು ಮೊರ ಬೀಜವನ್ನು ಬಾಣಲೆಗೆ ಸುರಿದರು.

ಬೀಜವನ್ನು ಹದವಾಗಿ ಹುರಿಯಬೇಕು. ಹೆಚ್ಚು ಹುರಿದರೆ ಬೇಳೆ ಕೆಂಪಾಗಿ ಅಂಟಿನ ಬಲ ಹೋಗುತ್ತದೆ. ಒರಳಿನಲ್ಲಿ ಕುಟ್ಟಿದರೆ ಕಂದು ಸಿಪ್ಪೆ ಸಿಡಿದು ಬರುತ್ತದೆ. ಅದನ್ನು ಕೇರಿ ಹಾರಿಸಿ, ಒಳಗಿನ ಬಿಳಿ ಬೇಳೆಯನ್ನು ರಾತ್ರಿಯೆಲ್ಲ ನೆನೆಹಾಕಿ, ಬೆಳಿಗ್ಗೆ ನುಣ್ಣಗೆ ರುಬ್ಬಿ, ನೀರಿನಲ್ಲಿ ಕದಡಿ ಸಣ್ಣ ಉರಿಯಲ್ಲಿ ಇಡಬೇಕು. ಕೈ ಬಿಡದೆ ತಿರುವುತ್ತಿದ್ದರೆ ಒಂದು ಹಂತದಲ್ಲಿ ನೀರು ನೀರಾಗಿದ್ದದ್ದು ಇದ್ದಕ್ಕಿದ್ದಂತೆ ಸೌಟನ್ನು ಹಿಡಿದುಕೊಳ್ಳುತ್ತದೆ. ಆಗ ಇಳಿಸಿಬಿಡಬೇಕು. ಕೊಪ್ಪಳದ ಕಿನ್ನಾಳದಲ್ಲಿ ದೇವರ ಗೊಂಬೆ ಮಾಡುವ ಚಿತ್ರಗಾರರೂ ಈ ಹುಣಸೆ ಬೀಜದ ಅಂಟನ್ನೇ ನಂಬಿಕೊಂಡವರು ಎಂದು ಆಮೇಲೆ ತಿಳಿಯಿತು. ತಿಳಿದಾಗ ನನಗಾದ ಸಂತೋಷವನ್ನು ಅಡುಗೆಯಮ್ಮನಿಗೆ ಹೇಳಲು ಅವರ ಊರಿಗೇ ಹೋಗಿದ್ದೆ. ಅವರು ಕಾಫಿ ಕೊಟ್ಟು, "ಮತ್ತೆ? ಅವರೇನು ಬೆಪ್ಪರಾ?" ಎಂದರು.

ಕೆರೆಯ ಜೇಡಿಮಣ್ಣಿನಲ್ಲಿ ಮೊದಲು ಮುಖ ತಿದ್ದುತ್ತೇವೆ. ಕಲ್ಲು ಬೇರು ಆರಿಸಿ, ನಾದಿ, ಹಲಗೆಯ ಮೇಲೆ ಒಂದು ಗೇಣಿಗಿಂತ ತುಸು ದೊಡ್ಡದಾಗಿ ಉಬ್ಬಿಸಬೇಕು. ಮೂಗು, ಹುಬ್ಬು, ತುಟಿ ಎಲ್ಲವೂ ಇರಬೇಕಾದ್ದಕ್ಕಿಂತ ದಪ್ಪ. ಊರ ಜನ ದೂರದಲ್ಲಿ ಕೂತು ನೋಡುತ್ತಾರಲ್ಲ. ಒಳಮಡಿಕೆಗಳನ್ನು ಮಾತ್ರ ಬಿಡಬಾರದು, ಕಾಗದ ಅಲ್ಲಿ ಸಿಕ್ಕಿಕೊಂಡು ಆಮೇಲೆ ಕಳಚುವುದಿಲ್ಲ. ಮೊದಲ ಪದರ ಬರೀ ನೀರಲ್ಲಿ ಅದ್ದಿದ ಕಾಗದ. ಎರಡನೆಯದರಿಂದ ಅಂಟು. ಒಂದು ಪದರಕ್ಕೆ ಕಪ್ಪು ಬಿಳುಪು ಪುಟ, ಮುಂದಿನದಕ್ಕೆ ಪುರವಣಿಯ ಬಣ್ಣದ ಪುಟ. ಹೀಗೆ ಮಾಡಿದರೆ ಎಲ್ಲಿ ಪದರ ಬಿಟ್ಟುಹೋಗಿದೆ ಎಂದು ಕಣ್ಣಿಗೇ ಕಾಣುತ್ತದೆ. ಐದಾರು ಪದರವಾದ ಮೇಲೆ ನೆರಳಲ್ಲಿ ಒಣಗಬೇಕು. ನಮ್ಮ ಬಿಸಿಲಿಗಿಟ್ಟರೆ ಒಂದು ಕೆನ್ನೆ ಮೊದಲು ಒಣಗಿ ಮುಖ ತಿರುಚಿಕೊಳ್ಳುತ್ತದೆ.

ಇಲ್ಲಿ ಸೋಮನ ಮಾತು ಬರಲೇಬೇಕು. ನಮ್ಮ ಕಡೆ ಮುಖವಾಡ ಎಂದರೆ ಸೋಮನ ಕುಣಿತ. ಗ್ರಾಮದೇವತೆಯ ಹಬ್ಬಗಳಲ್ಲಿ ಕುಣಿಯುವ ಸೋಮಗಳ ಕೆಂಪು ಮುಖ, ಹಳದಿ ಮುಖ, ಗುಡ್ಡೆಗಣ್ಣು, ಹುರಿ ಮೀಸೆ, ಹಿಂದೆ ಬಣ್ಣದ ಸೀರೆಗಳ ಹರವು ಇವನ್ನು ಕಂಡು ಹೆದರಿ ಅಮ್ಮನ ಸೆರಗು ಹಿಡಿಯದ ಮಗು ಈ ಸೀಮೆಯಲ್ಲಿ ಇರಲಾರದು. ಮಕ್ಕಳಿಗೆ ಮಣ್ಣು ಕೊಟ್ಟರೆ ಮೊದಲ ದಿನ ಎಲ್ಲರೂ ಸೋಮನನ್ನೇ ಮಾಡಲು ಹೊರಡುತ್ತಾರೆ. ಒಮ್ಮೆ ಸೋಮ ಕುಣಿಯುವ ಹಿರಿಯರೊಬ್ಬರನ್ನು ಶಿಬಿರಕ್ಕೆ ಕರೆಸಿದ್ದೆವು. ಅವರು ಮಕ್ಕಳ ಪಕ್ಕ ಕೂತು, "ಮಕ್ಳಾ, ಅದು ದೇವ್ರು. ಪೂಜೆ ಆಗ್ದೆ ನಾವೂ ಅದನ್ನ ಮುಖಕ್ಕೆ ಏರ್ಸಲ್ಲ. ನೀವು ನಿಮ್ದು ಮಾಡ್ಕಳಿ, ನಿಮ್ ಕಪ್ಪೆ, ನಿಮ್ ಕೋತಿ" ಎಂದರು. ಅಂದಿನಿಂದ ಅದೇ ನಮ್ಮ ಕಟ್ಟಳೆ. ಇದ್ದದ್ದನ್ನು ನಕಲು ಮಾಡಿಸುವ ಶಿಬಿರಗಳು ನನಗೆ ಸೇರುವುದಿಲ್ಲ. ಅಚ್ಚು ಕೊಟ್ಟು ಬಣ್ಣ ತುಂಬಿಸಿ ಸಂಜೆ ಮನೆಗೆ ಕಳಿಸುವುದಕ್ಕೆ ಒಂದು ಬೇಸಿಗೆ ಯಾಕೆ ಬೇಕು? ನಮ್ಮ ಮಕ್ಕಳು ಮಾಡಿದ ಕಪ್ಪೆಗಳಲ್ಲಿ ಮೀಸೆಯ ಕಪ್ಪೆ ಇತ್ತು, ಮೂಗುತಿಯ ಕಪ್ಪೆಯೂ ಇತ್ತು.

ಮುಖವಾಡ ಕಟ್ಟಿಕೊಂಡ ಮಗುವಿಗೆ ಎದುರಿನದು ಮಾತ್ರ ಕಾಣುತ್ತದೆ. ಪಕ್ಕಕ್ಕೆ ನೋಡಬೇಕಾದರೆ ಇಡೀ ಕತ್ತು ತಿರುಗಿಸಬೇಕು, ಕಾಲಡಿ ನೋಡಬೇಕಾದರೆ ಸೊಂಟ ಬಾಗಿಸಬೇಕು. ನಟನೆ ಹೇಳಿಕೊಡುವ ಅಗತ್ಯವೇ ಇಲ್ಲ, ಮುಖವಾಡವೇ ಮೈಯನ್ನು ಕಪ್ಪೆ ಮಾಡುತ್ತದೆ. ಕುವೆಂಪು ಅವರ ಕಿಂದರಿಜೋಗಿ ಆಡಿಸಿದ ಸಲ ಊರಿನ ಮಕ್ಕಳೆಲ್ಲ ಇಲಿಗಳು. ಹಾಡಬೇಕಾದ ಇಲಿಗಳಾದ್ದರಿಂದ ಮೇಲ್ದುಟಿಯವರೆಗಿನ ಅರೆಮುಖವಾಡ ಸಾಕಾಗಿತ್ತು. ಆದರೆ ಅಷ್ಟು ಇಲಿಗಳಿಗೆ ಮೀಸೆ ಬೇಕಲ್ಲ! ಆಟದಣ್ಣ ತೆಂಗಿನ ಗರಿಯ ಕಡ್ಡಿ ಸೀಳಿ ಸೀಳಿ ಕೊಟ್ಟ. ಕಥೆ ಅಕ್ಕ ಸೂಜಿಯಲ್ಲಿ ತೂತು ಹಾಕಿದರು. ಹಾಡಿನ ಮೇಷ್ಟ್ರು ಪಕ್ಕದಲ್ಲಿ ಹಾರ್ಮೋನಿಯಂ ಇಟ್ಟುಕೊಂಡು ಮಾರನೆಯ ದಿನದ ಮಟ್ಟು ಕೂಡಿಸುತ್ತ, ನಡುನಡುವೆ ಎಡಗೈಯಿಂದ ಒಂದೊಂದು ಮೀಸೆ ನೆಡುತ್ತಿದ್ದರು. ಮಕ್ಕಳು ಮನೆಗೆ ಹೋದ ಮೇಲಿನ ಆ ರಾತ್ರಿಗಳಲ್ಲೇ ನಾವು ಸ್ನೇಹಿತರಾದದ್ದು. ಕುಶಲ ಕೇಳಿಕೊಂಡು, ಊರು ಮನೆತನ ವಿಚಾರಿಸಿಕೊಂಡು ಆದ ಗೆಳೆತನವಲ್ಲ. ಕೈಗಳು ಕೆಲಸದಲ್ಲಿದ್ದಾಗ ಬಾಯಿಂದ ಬರುವ ಮಾತಿಗೆ ಒಂದು ಬಿಡುಗಡೆ ಇರುತ್ತದೆ. ಕಣ್ಣು ಕಣ್ಣು ಸೇರಿಸಬೇಕಾಗಿಲ್ಲ, ಉತ್ತರ ಕೂಡಲೇ ಕೊಡಬೇಕಾಗಿಲ್ಲ. ಕಥೆ ಅಕ್ಕ ತನ್ನ ಮನೆಯ ದೊಡ್ಡ ಕಷ್ಟವೊಂದನ್ನು ಮೊದಲ ಸಲ ಹೇಳಿದ್ದು ಇಲಿಯ ಕಿವಿಗೆ ಅಂಟು ಹಚ್ಚುತ್ತ. ನಾವು ಯಾರೂ ತಲೆಯೆತ್ತಲಿಲ್ಲ. ಆಟದಣ್ಣ ಇನ್ನೊಂದು ಕಿವಿ ಅವರ ಮುಂದಿಟ್ಟ.

ಹಾಡಿನ ಮೇಷ್ಟ್ರ ತಂದೆ ಹಳ್ಳಿ ಹಳ್ಳಿಗೆ ಪೌರಾಣಿಕ ನಾಟಕ ಕಲಿಸುತ್ತಿದ್ದ ಹಾರ್ಮೋನಿಯಂ ಮೇಷ್ಟ್ರು. ತುಮಕೂರು ಸೀಮೆಯಲ್ಲಿ ಸುಗ್ಗಿ ಕಳೆದರೆ ಕುರುಕ್ಷೇತ್ರ ಆಡದ ಊರು ಕಡಿಮೆ. ಬಾಡಿಗೆಗೆ ತಂದ ಸೀನರಿ, ಝಗಝಗಿಸುವ ಕಿರೀಟ, ಬೆಳಗಿನವರೆಗೆ ಕಂದ ಪದ್ಯ. ಇದಕ್ಕೆಲ್ಲ ಮೂಲ ಸೆಲೆ ನಮ್ಮ ತಾಲ್ಲೂಕಿನದೇ ಗುಬ್ಬಿ ಕಂಪನಿ, 1884ರಲ್ಲಿ ಹುಟ್ಟಿದ್ದು. ಮಕ್ಕಳ ಬೇಸಿಗೆ ಶಿಬಿರಕ್ಕೂ ಆ ಕಂಪನಿಗೂ ಒಂದು ನಂಟಿದೆ, ಅದನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆ. ಕನ್ನಡದಲ್ಲಿ ಮಕ್ಕಳ ರಂಗಶಿಬಿರ ಎಂದರೆ ಎಲ್ಲರ ಬಾಯಲ್ಲಿ ಬರುವುದು ಮೈಸೂರು ರಂಗಾಯಣದ ಚಿಣ್ಣರ ಮೇಳ. 1989ರಲ್ಲಿ ರಂಗಾಯಣವನ್ನು ಕಟ್ಟಿ ನಿಲ್ಲಿಸಿದವರು ಬಿ.ವಿ. ಕಾರಂತರು. ಆ ಕಾರಂತರು ಹುಡುಗನಾಗಿದ್ದಾಗ ಮನೆ ಬಿಟ್ಟು ಬಂದು ಸೇರಿದ್ದು ಗುಬ್ಬಿ ಕಂಪನಿಯನ್ನು, ಮುಂದೆ ಅವರನ್ನು ಓದಲು ಕಾಶಿಗೆ ಕಳಿಸಿದವರು ಗುಬ್ಬಿ ವೀರಣ್ಣನವರು. ಮಕ್ಕಳಿಗಾಗಿ ದುಡಿದ ಹಿರಿಯರು ಇನ್ನೂ ಇದ್ದಾರೆ. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು 1938ರಲ್ಲೇ ಮಕ್ಕಳ ಕೂಟ ಕಟ್ಟಿದರು, ಪುತ್ತೂರಿನಲ್ಲಿ ಶಿವರಾಮ ಕಾರಂತರ ಬಾಲವನವಿತ್ತು. ಆದರೂ ಮನೆಬಿಟ್ಟ ಒಬ್ಬ ಹುಡುಗನನ್ನು ಹತ್ತಿರ ಸೇರಿಸಿಕೊಂಡ ವೀರಣ್ಣನವರ ಊರಿನ ತಾಲ್ಲೂಕಿನಲ್ಲಿ ನಾವು ಶಿಬಿರ ಮಾಡಿದೆವು ಎಂಬುದು ನನಗೆ ಸಣ್ಣ ಮಾತಲ್ಲ.

ಶಿಬಿರ ಮುಗಿದ ಸಂಜೆ ಮಕ್ಕಳು ಅಳುತ್ತಾರೆ. ನಾವೂ ಅತ್ತಿದ್ದೇವೆ. ಆ ಅಳುವಿಗಿಂತ ಆಮೇಲಿನದನ್ನು ಹೇಳಬೇಕು. ಹಾಡಿನ ಮೇಷ್ಟ್ರ ತಂದೆ ತೀರಿಕೊಂಡ ದಿನ ಸುದ್ದಿ ಮುಟ್ಟಿದ್ದು ನಡುರಾತ್ರಿ. ಬೆಳಗಾಗುವಷ್ಟರಲ್ಲಿ ಕುಣಿಗಲ್ಲಿನಿಂದ, ತುಮಕೂರಿನಿಂದ, ಬೆಂಗಳೂರಿನಿಂದ ಎಲ್ಲರೂ ಅವರ ಅಂಗಳದಲ್ಲಿದ್ದೆವು. ಯಾರೂ ಯಾರಿಗೂ ಏನು ಮಾಡಬೇಕೆಂದು ಹೇಳಲಿಲ್ಲ. ಆಟದಣ್ಣ ಬಿದಿರು ಸೀಳಲು ಕೂತ. ಅಡುಗೆಯಮ್ಮ ಪಕ್ಕದ ಮನೆಯ ಒಲೆ ಹಿಡಿದರು. ಕಥೆ ಅಕ್ಕ ಮನೆಯ ಮಕ್ಕಳನ್ನೆಲ್ಲ ಹಿತ್ತಲ ಹಲಸಿನ ಮರದ ಕೆಳಗೆ ಕರೆದೊಯ್ದರು. ಊರಿನವರು, "ಶಿಬಿರದೋರು ಬಂದವ್ರೆ, ಬುಡಿ" ಎಂದು ನಮಗೆ ದಾರಿ ಬಿಟ್ಟರು. ಮುಂದೆ ಅದೇ ಅಂಗಳದಲ್ಲಿ ಮೇಷ್ಟ್ರ ಮಗಳ ಮದುವೆಯಾದಾಗ ಚಪ್ಪರದ ಸಿಂಗಾರಕ್ಕೆ ಅಂಗಡಿಯ ಪ್ಲಾಸ್ಟಿಕ್ ಹೂವು ಬರದಂತೆ ನೋಡಿಕೊಂಡೆವು. ಅಡಿಕೆ ಹೊಂಬಾಳೆ, ತೆಂಗಿನ ಗರಿಯ ಗಿಳಿ, ಬಾಗಿಲ ಎರಡು ಬದಿಗೆ ಹುಣಸೆ ಅಂಟಿನ ಎರಡು ದೊಡ್ಡ ಆನೆ ಮುಖ. ಬೀಗರ ಕಡೆಯ ಮಕ್ಕಳು ಊಟ ಬಿಟ್ಟು ಆ ಆನೆಗಳ ಹತ್ತಿರವೇ ನಿಂತಿದ್ದವು.

ಯುಗಾದಿ ಕಳೆದ ಮೇಲೆ ಈಗಲೂ ಹಾಡಿನ ಮೇಷ್ಟ್ರ ತೋಟದಲ್ಲಿ ಸೇರುತ್ತೇವೆ. ಹಳೆಯ ಫೋಟೋ ಹರವಿಕೊಂಡು ಕೂರುವ ಕೂಟವಲ್ಲ ಅದು. ಹಾಗೆ ಕೂತ ಕೂಟಗಳನ್ನು ನಾನು ಬೇರೆ ಕಡೆ ಕಂಡಿದ್ದೇನೆ. ಮೊದಲ ಗಂಟೆಯ ನಗು ಮುಗಿದ ಮೇಲೆ ಎಲ್ಲರೂ ಗಡಿಯಾರ ನೋಡುತ್ತಾರೆ. ನಮ್ಮಲ್ಲಿ ಬಂದವರು ಚಪ್ಪಲಿ ಬಿಟ್ಟು, ಮಜ್ಜಿಗೆ ಕುಡಿದು, ಕಾಗದ ಹರಿಯಲು ಕೂರುತ್ತಾರೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾದ ಮೇಲೆ ಅಲ್ಲಿಯೂ ಮಕ್ಕಳ ಬೇಸಿಗೆ ಶಿಬಿರಗಳು ನಡೆಯುತ್ತವೆ. ಅಲ್ಲಿಗೆ ಹೋಗಿ ಹೇಳಿಕೊಡುವವಳು, ಒಂದು ಕಾಲದಲ್ಲಿ ಮೂಗುತಿಯ ಕಪ್ಪೆ ಮಾಡಿದ ಹುಡುಗಿ. ಈಗ ಅವಳೂ ನಮ್ಮ ಚಾಪೆಯ ಮೇಲಿನವಳೇ, ನನ್ನ ಅಂಟು ಗಟ್ಟಿಯಾಯಿತೆಂದು ಮುಲಾಜಿಲ್ಲದೆ ಹೇಳಿ ನೀರು ಸೇರಿಸುತ್ತಾಳೆ.

ಈ ವರ್ಷ ಅವಳಿಗೆ ಒಂದು ಊರಿನ ಶಿಬಿರಕ್ಕೆ ಹಕ್ಕಿಗಳ ನಾಟಕವಂತೆ. ಕೊಕ್ಕು ಉದ್ದವಾದಷ್ಟೂ ತೂಕ ಮುಂದಕ್ಕೆ ಬಿದ್ದು ಮುಖವಾಡ ಜಾರುತ್ತದೆ. ಒಳಗೆ ತೆಂಗಿನ ಗರಿಯ ಕಡ್ಡಿ ಕೊಟ್ಟು ಕೊಕ್ಕನ್ನು ಟೊಳ್ಳು ಬಿಡಬೇಕು ಎಂದು ನನ್ನ ವಾದ. ಅಡಿಕೆ ಹಾಳೆಯಲ್ಲಿ ಕೊಕ್ಕು ಮಡಿಸಿ ಮೇಲೆ ಎರಡೇ ಪದರ ಕಾಗದ ಸಾಕು ಎಂದು ಆಟದಣ್ಣನದು. ಎರಡನ್ನೂ ಮಾಡಿ ನೋಡುವುದೆಂದು ಕಥೆ ಅಕ್ಕ ತೀರ್ಪು ಕೊಟ್ಟಾಯಿತು. ಕೆರೆಯಲ್ಲಿ ಹೇಮಾವತಿ ನೀರು ಇನ್ನೂ ನಿಂತಿರುವುದರಿಂದ ಮಣ್ಣನ್ನು ತಮ್ಮ ತೋಟದ ಬದುವಿನಿಂದ ಅಗೆಸಿಡುತ್ತೇನೆ ಎಂದಿದ್ದಾರೆ ಮೇಷ್ಟ್ರು. ಬೀಜ ಹುರಿಯಲು ಅಡುಗೆಯಮ್ಮನಿಗೆ ಈಗ ಭುಜ ನೋವು. ಬಾಣಲೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತು ಹದ ಹೇಳುತ್ತಾರೆ, ಹುರಿಯುವುದು ನಾನು. ಪುರವಣಿಯ ಬಣ್ಣದ ಹಾಳೆ ಕಡಿಮೆ ಬಿದ್ದಿದೆ, ಭಾನುವಾರ ಬರುವಾಗ ಮನೆಯಲ್ಲಿದ್ದಷ್ಟನ್ನೂ ಕಟ್ಟಿ ತರಲು ಎಲ್ಲರಿಗೂ ಹೇಳಿ ಕಳಿಸಿದ್ದೇನೆ.