ಹೊಟ್ಟೆ ಒಪ್ಪುವ ಮೆಗ್ನೀಷಿಯಂ: ಆದವಾನಿಯಿಂದ ಅಕ್ಕನಿಗೆ

ಆದವಾನಿ

ಪ್ರೀತಿಯ ಅಕ್ಕ,

ಮೆಗ್ನೀಷಿಯಂ ಮಾತ್ರೆ ನುಂಗಿದರೆ ಹೊಟ್ಟೆ ಕೆಡುತ್ತದೆ, ನಾಜೂಕು ಕರುಳಿಗೆ ಒಗ್ಗುವಂಥದ್ದು ಯಾವುದು ಎಂದು ಕೇಳಿದ್ದೆಯಲ್ಲ, ಅದಕ್ಕೆ ಉತ್ತರ ಬರೆಯಲು ಈ ಸೀಮೆ ತಕ್ಕ ಜಾಗ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟುವವರೆಗೂ ಆದವಾನಿ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಆಲೂರು, ರಾಯದುರ್ಗಗಳ ಜೊತೆ ಆಚೆ ಹೋಯಿತು. ರಾಜ್ಯ ಬೇರೆಯಾದರೂ ಕನ್ನಡ ಉಳಿದಿದೆ, ಊಟವೂ ಬಳ್ಳಾರಿಯದೇ: ಜೋಳದ ರೊಟ್ಟಿ, ಶೇಂಗಾ ಪುಡಿ, ಬೇಳೆ, ಸೊಪ್ಪು. ಲೆಕ್ಕ ಹಾಕಿ ನೋಡು. 100 ಗ್ರಾಂ ಶೇಂಗಾದಲ್ಲಿ ಸುಮಾರು 168 ಮಿಲಿಗ್ರಾಂ ಮೆಗ್ನೀಷಿಯಂ. ಜೋಳದಲ್ಲಿ 130ರಿಂದ 165. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ 25ರ ಆಸುಪಾಸು. ಅಂದರೆ ಇಲ್ಲಿ ರೊಟ್ಟಿ ತಿನ್ನುವವರ ಹೊಟ್ಟೆಗೆ ದಿನವೂ ಮಾತ್ರೆಯಷ್ಟೇ ಮೆಗ್ನೀಷಿಯಂ ಇಳಿಯುತ್ತದೆ, ಆದರೆ ಅದರಿಂದ ಯಾರಿಗೂ ಭೇದಿಯಾಗುವುದಿಲ್ಲ. ಹಾಗಾದರೆ ತಪ್ಪು ಮೆಗ್ನೀಷಿಯಂದಲ್ಲ. ಕರುಳು ಹೀರಿಕೊಳ್ಳಲಾಗದೆ ಒಂದೇ ಸಲಕ್ಕೆ ಉಳಿದುಬಿಡುವ ಮೆಗ್ನೀಷಿಯಂ ನೀರನ್ನು ತನ್ನತ್ತ ಎಳೆಯುತ್ತದೆ. ಹೊಟ್ಟೆ ಕೆಡುವುದು ಅಲ್ಲಿಂದ. ಮಾತ್ರೆ ಆರಿಸುವಾಗ ನೋಡಬೇಕಾದ್ದು ಡಬ್ಬದ ಮೇಲೆ ಎಷ್ಟು ಬರೆದಿದೆ ಎಂಬುದನ್ನಲ್ಲ, ಕರುಳಿನಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನು.

ಇದಕ್ಕೆ ಪುರಾವೆ ನೀರಿನಲ್ಲೂ ಇದೆ. ತುಂಗಭದ್ರಾ ಕೆಳಮಟ್ಟದ ಕಾಲುವೆಯ ನೀರು ತಲುಪದ ಕಡೆ ಕೊಳವೆಬಾವಿಯ ಸವುಳು ನೀರೇ ಗತಿ. ಅಂಥ ನೀರಿನಲ್ಲಿ ಮೆಗ್ನೀಷಿಯಂ ಮತ್ತು ಸಲ್ಫೇಟ್ ಎರಡೂ ಹೆಚ್ಚಿದ್ದರೆ, ಅದು 1618ರ ಸುಮಾರಿಗೆ ಇಂಗ್ಲೆಂಡಿನ ಎಪ್ಸಮ್ ಊರಿನಲ್ಲಿ ಕಂಡ ಕಹಿ ನೀರಿನ ತಮ್ಮನೇ. ಭೇದಿಗೆಂದು ಕೊಡುತ್ತಿದ್ದ ಎಪ್ಸಮ್ ಉಪ್ಪು ಬಂದದ್ದು ಅಲ್ಲಿಂದ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಲೀಟರಿಗೆ 30 ಮಿಲಿಗ್ರಾಂ ಮೆಗ್ನೀಷಿಯಂ ಸಾಕೆನ್ನುತ್ತದೆ, ಬೇರೆ ನೀರು ಸಿಗದಿದ್ದರೆ 100ರವರೆಗೆ ಒಪ್ಪುತ್ತದೆ. ಅಂಥ ಸವುಳು ನೀರಿಗೆ ಹೊಸಬರ ಹೊಟ್ಟೆ ಸಡಿಲವಾಗುತ್ತದೆ, ದಿನ ಕಳೆದಂತೆ ಒಗ್ಗುತ್ತದೆ. ಸ್ವಲ್ಪಸ್ವಲ್ಪವಾಗಿ ಕೊಟ್ಟದ್ದನ್ನು ಕರುಳು ಸಹಿಸಿಕೊಳ್ಳುತ್ತದೆ ಎಂಬುದನ್ನಷ್ಟೇ ಇದರಿಂದ ತೆಗೆದುಕೊಳ್ಳೋಣ.

ಈಗ ಅಂಗಡಿಯ ಮಾತು. ಅಗ್ಗದ ಮಾತ್ರೆಗಳಲ್ಲಿ ಇರುವುದು ಹೆಚ್ಚಾಗಿ ಮೆಗ್ನೀಷಿಯಂ ಆಕ್ಸೈಡ್. ಅದರ ತೂಕದ ನೂರಕ್ಕೆ 60 ಪಾಲು ಮೆಗ್ನೀಷಿಯಮ್ಮೇ, ಆದ್ದರಿಂದ ಚಿಕ್ಕ ಮಾತ್ರೆಯಲ್ಲಿ ದೊಡ್ಡ ಅಂಕಿ ಹಿಡಿಸುತ್ತದೆ. ಆದರೆ ಅದು ನೀರಿನಲ್ಲಿ ಸುಲಭವಾಗಿ ಕರಗದು, ಕರಗಲು ಜಠರದ ಆಮ್ಲ ಬೇಕು, ಹೀರಿಕೆಯೂ ಕಡಿಮೆ. ಸಿಟ್ರೇಟ್‌ನಲ್ಲಿ ಮೆಗ್ನೀಷಿಯಂ ನೂರಕ್ಕೆ ಸುಮಾರು 16 ಪಾಲು ಮಾತ್ರ, ಆದರೆ ಚೆನ್ನಾಗಿ ಕರಗಿ ಹೀರಲ್ಪಡುತ್ತದೆ. ಹಾಗೆಂದು ಸಿಟ್ರೇಟ್ ಎಲ್ಲರಿಗೂ ಮೃದು ಅಲ್ಲ. ಕೊಲೊನೊಸ್ಕೋಪಿಗೆ ಮುಂಚೆ ಕರುಳು ತೊಳೆಯಲು ದೊಡ್ಡ ಪ್ರಮಾಣದಲ್ಲಿ ಕುಡಿಸುವುದೂ ಇದನ್ನೇ. ಮಲಬದ್ಧತೆ ಇದ್ದವರಿಗೆ ಅದೇ ಲಾಭ, ನಿನ್ನಂಥ ಸಡಿಲ ಹೊಟ್ಟೆಯವರಿಗೆ ಅದೇ ಕಾಟ. ಗ್ಲೈಸಿನ್ ಎಂಬ ಅಮೈನೋ ಆಮ್ಲದೊಡನೆ ಬೆಸೆದ ಬಿಸ್‌ಗ್ಲೈಸಿನೇಟ್‌ನಲ್ಲಿ ಮೆಗ್ನೀಷಿಯಂ ನೂರಕ್ಕೆ 14 ಪಾಲು. ನಿನಗೆ ನಾನು ಹೇಳುವುದು ಇದನ್ನೇ. ಆದರೆ ಮುಂಭಾಗದಲ್ಲಿ 1000 ಮಿಲಿಗ್ರಾಂ ಎಂದಿದ್ದರೆ ಅದು ಇಡೀ ಲವಣದ ತೂಕ, ಒಳಗಿನ ಮೆಗ್ನೀಷಿಯಂ 140ರಷ್ಟೇ. ‘ಎಲಿಮೆಂಟಲ್’ ಎಂದು ಹಿಂಬದಿಯಲ್ಲಿ ಬರೆದ ಅಂಕಿಯನ್ನು ಓದು. ಬಿಸ್‌ಗ್ಲೈಸಿನೇಟ್ ಜೊತೆಗೇ ಆಕ್ಸೈಡ್ ಬೆರೆಸಿದ ಡಬ್ಬಗಳೂ ಇವೆ, ಅವು ಬೇಡ.

ಈ ಗ್ಲೈಸಿನೇಟ್ ದುಬಾರಿ, ಅದನ್ನು ಹೊಗಳಲು ಪುರಾವೆಯಾದರೂ ಎಲ್ಲಿದೆ ಎಂದು ಭಾವ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಸಣ್ಣ ಕರುಳಿನ ಕೊನೆಯ ಭಾಗ ತೆಗೆಸಿಕೊಂಡ 12 ಜನರ ಮೇಲೆ ನಡೆದ 1994ರ ಅಧ್ಯಯನ ಒಂದಿದೆ. ಸರಾಸರಿಯಲ್ಲಿ ಆಕ್ಸೈಡ್‌ಗೂ ಇದಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಆದರೆ ಆಕ್ಸೈಡನ್ನು ತೀರಾ ಕಡಿಮೆ ಹೀರುತ್ತಿದ್ದ ನಾಲ್ವರಲ್ಲಿ ಗ್ಲೈಸಿನೇಟ್‌ನ ಹೀರಿಕೆ ಸುಮಾರು ಎರಡರಷ್ಟಾಯಿತು, ಹೊಟ್ಟೆಯ ತೊಂದರೆಯೂ ಕಡಿಮೆ. 12 ಜನರ ಅಧ್ಯಯನ ಚಿಕ್ಕದು, ಒಪ್ಪುತ್ತೇನೆ. ಆದರೆ ಲಾಭ ಕಂಡದ್ದು ಕರುಳು ಬಲಹೀನವಾಗಿದ್ದವರಲ್ಲೇ. ಗಟ್ಟಿ ಹೊಟ್ಟೆಯವರು ಈ ಹಣ ಉಳಿಸಬಹುದು, ನೀನು ಖರ್ಚು ಮಾಡುವುದರಲ್ಲಿ ಅರ್ಥವಿದೆ.

ಯಾವ ಲವಣ ಎಂಬುದಕ್ಕಿಂತಲೂ ಒಂದು ಹೊತ್ತಿಗೆ ಎಷ್ಟು ಎಂಬುದು ದೊಡ್ಡದು. ಊಟದೊಡನೆ ಕೊಟ್ಟು ಅಳೆದ 1991ರ ಒಂದು ಪ್ರಯೋಗದಲ್ಲಿ, ತೀರಾ ಚಿಕ್ಕ ಪ್ರಮಾಣ ಕೊಟ್ಟಾಗ ನೂರಕ್ಕೆ 65 ಪಾಲು ಹೀರಿದ ಕರುಳು, ಅತಿ ದೊಡ್ಡ ಪ್ರಮಾಣಕ್ಕೆ 11 ಪಾಲು ಮಾತ್ರ ಹೀರಿತು. ಅದೇ ವರ್ಷದ ಇನ್ನೊಂದು ಅಧ್ಯಯನದ ಪ್ರಕಾರ, ಮಲದಲ್ಲಿ ಹೆಚ್ಚಾಗುವ ಪ್ರತಿ 24 ಮಿಲಿಗ್ರಾಂ ಮೆಗ್ನೀಷಿಯಂಗೆ ಮಲದ ತೂಕ 7 ಗ್ರಾಂಗೂ ಮೀರಿ ಏರುತ್ತದೆ. 200 ಮಿಲಿಗ್ರಾಂ ಹೀರದೆ ಉಳಿಯಿತು ಅಂದುಕೋ, ಸುಮಾರು 60 ಗ್ರಾಂ ಹೆಚ್ಚಾಯಿತು. ಆದ್ದರಿಂದ ದಿನಕ್ಕೆ ಒಂದು ದೊಡ್ಡ ಮಾತ್ರೆಯ ಬದಲು 50ರಿಂದ 100 ಮಿಲಿಗ್ರಾಂ ಊಟದ ಜೊತೆ ಶುರು ಮಾಡು. ವಾರ ಕಳೆದು ಒಗ್ಗಿದರೆ ರಾತ್ರಿಯ ಊಟಕ್ಕೂ ಅಷ್ಟೇ ಸೇರಿಸು. ಊಟದ ಮೆಗ್ನೀಷಿಯಂ ಬಿಟ್ಟು ಮಾತ್ರೆಯಿಂದ ದಿನಕ್ಕೆ 350 ಮೀರಬಾರದು ಎಂದು ಅಮೆರಿಕದವರು, 250 ಸಾಕೆಂದು ಯುರೋಪಿನವರು ಹೇಳಿರುವುದೂ ಭೇದಿಯ ಕಾರಣಕ್ಕೇ.

ಊಟವೇ ಇಷ್ಟು ಕೊಡುವಾಗ ಮಾತ್ರೆ ಯಾಕೆ ಎಂದೂ ಕೇಳಬಹುದು. ಹೆಚ್ಚಿನವರಿಗೆ ಬೇಡವೇ ಬೇಡ. ಆದರೆ ನಾಜೂಕು ಕರುಳಿನವರಲ್ಲಿ ಎಷ್ಟೋ ಜನ ಜೋಳ, ಶೇಂಗಾ, ಇಡೀ ಕಾಳುಗಳನ್ನೇ ಬಿಟ್ಟು ಅನ್ನ ಮಜ್ಜಿಗೆಗೆ ಇಳಿದಿರುತ್ತಾರೆ, ಮೆಗ್ನೀಷಿಯಂ ಇರುವುದು ಬಿಟ್ಟದ್ದರಲ್ಲೇ. ಮೇಲಾಗಿ ಬೆಳಗ್ಗೆ ಬರಿಹೊಟ್ಟೆಗೆ ನುಂಗುವ ಗ್ಯಾಸಿನ ಮಾತ್ರೆ ಇದೆಯಲ್ಲ, ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ಅದನ್ನು ವರ್ಷಗಟ್ಟಲೆ ತೆಗೆದುಕೊಂಡರೆ ರಕ್ತದ ಮೆಗ್ನೀಷಿಯಂ ಇಳಿಯಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲಿ ಎಚ್ಚರಿಸಿತು. ವರದಿಯಾದವರಲ್ಲಿ ಸುಮಾರು ಕಾಲುಭಾಗ ಜನಕ್ಕೆ ಮೆಗ್ನೀಷಿಯಂ ಕೊಟ್ಟರೂ ಸಾಲದೆ, ಆ ಮಾತ್ರೆಯನ್ನೇ ನಿಲ್ಲಿಸಬೇಕಾಯಿತು. ಆಮ್ಲ ತಗ್ಗಿಸಿದ ಹೊಟ್ಟೆಗೆ ಆಮ್ಲ ಬೇಡುವ ಆಕ್ಸೈಡ್ ಕೊಡುವುದು ಇನ್ನೂ ಅನ್ಯಾಯ. ರಕ್ತಪರೀಕ್ಷೆ ಸರಿಯಿದೆ ಎಂದು ಸುಮ್ಮನಾಗುವಂತೆಯೂ ಇಲ್ಲ; ದೇಹದ ಮೆಗ್ನೀಷಿಯಂನಲ್ಲಿ ರಕ್ತದಲ್ಲಿರುವುದು ನೂರಕ್ಕೆ ಒಂದು ಪಾಲಿಗೂ ಕಡಿಮೆ. ಆ ಗ್ಯಾಸಿನ ಮಾತ್ರೆ ನಿನಗೆ ಈಗಲೂ ಬೇಕೇ ಎಂದು ವೈದ್ಯರನ್ನು ಮೊದಲು ಕೇಳು, ನೀನಾಗಿಯೇ ನಿಲ್ಲಿಸಬೇಡ.

ಕೊಳ್ಳುವ ಮುಂಚೆ ಮೂತ್ರಪಿಂಡ ಹೇಗಿದೆ ಎಂದು ತಿಳಿಯಲು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸು. ಹೆಚ್ಚಾದ ಮೆಗ್ನೀಷಿಯಂ ಹೊರಹಾಕುವುದು ಮೂತ್ರಪಿಂಡ. ಅದು ಸೋತಿದ್ದರೆ ಯಾವ ರೂಪದ್ದೂ ಕ್ಷೇಮವಲ್ಲ. ಅಮ್ಮನೂ ಒಂದು ಡಬ್ಬ ಬೇಕೆಂದರೆ, ಅವಳ ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಇರಲಿ.

ಇತಿ ನಿನ್ನ ತಂಗಿ